ಆರನೇ ಕಲಮು ಮತ್ತು ಐನೂರ ತೊಂಬತ್ತು ಪೌಂಡು

ಈ ಮೂಲಕ ಪ್ಲಿಮತ್, ಕ್ಯಾಂಟನ್, ಆನ್ ಆರ್ಬರ್ ಹಾಗೂ ಸುತ್ತಮುತ್ತಲಿನ ಎಲ್ಲಾ ಸಬ್‌ಡಿವಿಷನ್ನುಗಳ ಸಮಸ್ತ ಕನ್ನಡ ಬಾಂಧವರಿಗೆ ತಿಳಿಯಪಡಿಸುವುದೇನೆಂದರೆ, ನಮ್ಮ ಚಿರಂಜೀವಿ ಆರ್ಯನ್‌ನ ಬಲತೊಡೆಯ ಸುತ್ತಳತೆಯು ಜುಲೈ ಹನ್ನೆರಡರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಸರಿಯಾಗಿ ಇಪ್ಪತ್ತೊಂಬತ್ತು ಇಂಚನ್ನು ದಾಟಿರುತ್ತದೆ. ಎಡತೊಡೆಯು ಸದ್ಯ ಇಪ್ಪತ್ತೆಂಟೂ ಮುಕ್ಕಾಲರಲ್ಲಿದ್ದು, ಶೀಘ್ರದಲ್ಲೇ ಬಂದು ಸೇರಿಕೊಳ್ಳಲಿದೆ. ಅಳತೆಯನ್ನು ಸರ್ಟಿಫಿಕೇಟ್ ಇರುವ ಟೇಪಿನಿಂದಲೇ ಮಾಡಲಾಗಿದೆ.

ಕನ್ನಡ ಸಂಘದ ವಾಟ್ಸಾಪ್ ಗ್ರೂಪಿಗೆ ಈ ಪ್ರಕಟಣೆ ಹಾಕಿ, ಮಂಜರಿ ಉಪ್ಪಿಟ್ಟಿನ ತಟ್ಟೆ ಎಳ್ಕೊಂಡ್ಲು. ಎರಡು ನಿಮಿಷದಲ್ಲಿ ಹನ್ನೊಂದು ಜನ ಕೈ ಮುಗಿದ್ರು. ಇಬ್ಬರು ಏನೂ ಓದದೆ ಹ್ಯಾಪಿ ಬರ್ತ್‌ಡೇ ಹೇಳಿದ್ರು. ಪ್ರಸಾದ್ ಅಂಕಲ್ ಒಬ್ಬರು ಮಾತ್ರ ಗಾಬರಿಯಾಗಿ, "ಊತ ಯಾವಾಗಿಂದ ಇದೆಯಮ್ಮ? ಆನ್ ಆರ್ಬರ್‌ನಲ್ಲಿ ನನಗೊಬ್ಬ ಒಳ್ಳೇ ಡಾಕ್ಟರು ಗೊತ್ತು," ಅಂತ ಬರೆದ್ರು.

"ಇವರಿಗೆಲ್ಲ ಫುಟ್‌ಬಾಲ್ ಅರ್ಥ ಆಗೋಕೆ ಇನ್ನೊಂದು ಜನ್ಮ ಬೇಕು," ಅಂದ್ಲು ಮಂಜರಿ.

"ನನಗೂ ಅದೇ ಜನ್ಮದಲ್ಲಿ ಒಂದು ಸೀಟು ಹಿಡಿದಿರು," ಅಂದ ಅವಳ ಗಂಡ, ಹದಿನಾಲ್ಕನೇ ಮೊಟ್ಟೆ ಸುಲೀತಾ. ಗಂಡನ ಹೆಸರು ಸತ್ಯ. ಆ ಮನೇಲಿ ಸತ್ಯ ಯಾವಾಗಲೂ ಇರ್ತಿತ್ತು, ಕೊನೇ ಮಾತು ಮಾತ್ರ ಮಂಜರೀದು.

ಅಮೆರಿಕದ ಫುಟ್‌ಬಾಲಲ್ಲಿ ಫುಟ್ಟಿಗೆ ಕೆಲಸ ಕಮ್ಮಿ, ಬಾಲಿಗೆ ಆಕಾರ ಕಮ್ಮಿ. ಚೆಂಡು ಹಲಸಿನ ಬೀಜದ ಥರ ಇರುತ್ತೆ. ಅದನ್ನ ಕಂಕುಳಲ್ಲಿ ಅವುಚ್ಕೊಂಡು ಓಡಬೇಕು, ಎದುರಿಗೆ ಫ್ರಿಜ್ಜಿನಷ್ಟು ಗಾತ್ರದ ಹನ್ನೊಂದು ಜನ ನಿಂತಿರ್ತಾರೆ. ಹಾಗೆ ಓಡೋನಿಗೆ ರನ್ನಿಂಗ್ ಬ್ಯಾಕ್ ಅಂತ ಹೆಸರು. ಅವನು ಓಡಬೇಕಾದ್ದು ಮಾತ್ರ ಮುಂದಕ್ಕೆ.

ಆರ್ಯನ್ ಬರ್ಚ್‌ಫೀಲ್ಡ್ ಕಾಲೇಜಿನ ರನ್ನಿಂಗ್ ಬ್ಯಾಕು. ಇಪ್ಪತ್ತೊಂದು ವರ್ಷ, ಐದಡಿ ಒಂಬತ್ತಿಂಚು, ಇನ್ನೂರೆಂಟು ಪೌಂಡು. ನಲವತ್ತು ಗಜಾನ ನಾಲ್ಕೂವರೆ ಸೆಕೆಂಡಲ್ಲಿ ಓಡ್ತಾನೆ. ಸತ್ಯ ಒಂದು ಸಲ ಸೀನಿ ಕಣ್ಣು ಬಿಡೋ ಹೊತ್ತಿಗೆ ಹುಡುಗ ಆ ಕಡೆ ಗೆರೆ ದಾಟಿ ನೀರು ಕುಡೀತಿದ್ದ. ಫುಲ್ ಸ್ಪೀಡಲ್ಲಿ ಗಂಟೆಗೆ ಇಪ್ಪತ್ತೊಂದು ಮೈಲಿ. ಅವರ ಸಬ್‌ಡಿವಿಷನ್ನಲ್ಲಿ, ಅಂದ್ರೆ ಬಡಾವಣೇಲಿ, ಕಾರಿಗೇ ಇಪ್ಪತ್ತೈದು ಮಿತಿ, ಇನ್ನೊಂದು ಐದು ಮೈಲಿ ಜಾಸ್ತಿ ಮಾಡಿದ್ರೆ ಮಗನಿಗೂ ಟಿಕೆಟ್ ಬರುತ್ತೆ ಅಂತ ಮಂಜರಿ ಹೆಮ್ಮೆಯಿಂದ ಹೇಳ್ಕೊಳ್ಳೋಳು. ನಿಂತ ಜಾಗದಿಂದ ನಲವತ್ತೆಂಟು ಇಂಚಿನ ಡಬ್ಬದ ಮೇಲೆ ಹಾರ್ತಾನೆ. ಕಬ್ಬಿಣದ ಜಾರುಬಂಡಿಗೆ ನಾನೂರು ಪೌಂಡು ಹೇರಿ ಹುಲ್ಲಿನ ಮೇಲೆ ತಳ್ಳಿಕೊಂಡು ಹೋಗ್ತಾನೆ.

ಎಲ್ಲಕ್ಕಿಂತ ದೊಡ್ಡ ವಿದ್ಯೆ ಸ್ಕ್ವಾಟು. ಎರಡೂ ತುದೀಲಿ ಪ್ಲೇಟು ಸಿಕ್ಕಿಸಿದ ಬಾರು ಅನ್ನೋ ಸಲಾಕೇನ ಹೆಗಲ ಮೇಲೆ ಹೊತ್ತು ಕೂತು ಏಳೋದು, ಅಂದ್ರೆ ಬಸ್ಕಿ. ಮಂಜರಿ ಓದಿದ ಮೈಸೂರಿನ ಸ್ಕೂಲಲ್ಲಿ ಹೋಂವರ್ಕ್ ಮಾಡದೋರು ಬಸ್ಕಿ ಹೊಡೀತಿದ್ರು. ಇಲ್ಲಿ ಬಸ್ಕಿ ಹೊಡೆಯೋದೇ ಹೋಂವರ್ಕು.

ಇಷ್ಟೆಲ್ಲ ಇದ್ದೂ ಹುಡುಗ ವಾಕ್-ಆನ್. ವಾಕ್-ಆನ್ ಅಂದ್ರೆ ಯಾರೂ ಕರೀದೆ ತಾನಾಗೇ ನಡ್ಕೊಂಡು ಬಂದು ತಂಡ ಸೇರಿದೋನು. ಕರೆಯೋಲೆ ಇಲ್ಲದೆ ಮದುವೆಗೆ ಬಂದೋನಿಗೆ ಊಟ ಇಲ್ಲ ಅನ್ನಲ್ಲ, ಆದ್ರೆ ಮೊದಲನೇ ಪಂಕ್ತೀಲಿ ಕೂರಿಸಲ್ಲ. ಮೂರು ವರ್ಷದಿಂದ ತಂಡ ಹೊರಗಡೆ ಆಡೋಕೆ ಹೊರಟಾಗೆಲ್ಲ ಆರ್ಯನ್ ಬೇರೆಯವರ ಬ್ಯಾಗು ಬಸ್ಸಿನ ಹೊಟ್ಟೆಗೆ ತುಂಬಿ, ಕೈ ಬೀಸಿ, ಮನೆಗೆ ಬಂದು ಆಟಾನ ಲ್ಯಾಪ್‌ಟಾಪಲ್ಲಿ ನೋಡ್ತಿದ್ದ. ಇದು ಅವನ ಕೊನೇ ವರ್ಷ.

ಬಸ್ಸಲ್ಲಿ ಅರವತ್ತು ಸೀಟು. ಐವತ್ತೊಂಬತ್ತು ಮೊದಲೇ ಭರ್ತಿ. ಅರವತ್ತನೇದಕ್ಕೆ ಕೋಚ್ ನೊವಾಕ್ ಈ ವರ್ಷ ಒಂದು ಷರತ್ತು ಇಟ್ಟಿದ್ರು: ಆಗಸ್ಟ್ ಕೊನೇಲಿ ಭಾರ ಎತ್ತೋ ಪರೀಕ್ಷೆ ಇರುತ್ತೆ, ಅವತ್ತು ಯಾವ ವಾಕ್-ಆನ್ ಜಿಮ್ಮಿನ ರೆಕಾರ್ಡ್ ಬೋರ್ಡಲ್ಲಿರೋ ಒಂದು ದಾಖಲೆ ಮುರೀತಾನೋ ಅವನಿಗೆ ಆ ಸೀಟು. ಮೊದಲನೇ ಮ್ಯಾಚು ಷಿಕಾಗೋ ಹತ್ರ.

ಷಿಕಾಗೋ ಅಂದ ಕೂಡಲೇ ಮಂಜರಿ ಪ್ಲಾನು ರೆಕ್ಕೆ ಕಟ್ಕೊಂಡಿತ್ತು. ಅವಳ ಗೆಳತಿ ಮಲಿಕಾಳ ಅಣ್ಣ ರಹೀಮ್ ಅಲ್ಲಿನ ಡೆವನ್ ಅವೆನ್ಯೂನಲ್ಲಿ ದಿನಸಿ ಅಂಗಡಿ ಇಟ್ಟಿದ್ರು. ಅವರ ಮೂಲಕ ಷಿಕಾಗೋ ಕನ್ನಡದೋರು ಮೂವತ್ತೆಂಟು ಜನ ಟಿಕೆಟ್ ತಗೊಂಡಾಗಿತ್ತು.

"ರಹೀಮಣ್ಣ, ಡೊಳ್ಳು ಒಳಗೆ ಬಿಡಲ್ವಂತೆ," ಅಂದ್ಲು ಮಂಜರಿ ಫೋನಲ್ಲಿ.

"ಬಿಡಲಿಲ್ಲಂದ್ರ ಹೊರಗ ನಿಂತು ಬಾರಸ್ತೀವಿ ಬಿಡವಾ. ಹುಡುಗ ಆಡೂದು ಖರೇನೋ ಇಲ್ಲೋ ಅದನ್ನ ಹೇಳು."

"ಬಸ್ ಹತ್ತೋದು ಖಂಡಿತ ಅಣ್ಣ. ಅಂಕಿ ಅಂಶ ಇದೆ ನನ್ನ ಹತ್ರ."

ಅಂಕಿ ಅಂಶ ಇತ್ತು ನಿಜ. ಮಂಜರಿ ಬ್ರೇಕಿನ ಬಿಡಿಭಾಗ ಮಾಡೋ ಒಂದು ಕಂಪನೀಲಿ ಅಳತೆ ಲ್ಯಾಬಿನ ಮುಖ್ಯಸ್ಥೆ. ಫ್ಯಾಕ್ಟರೀಲಿರೋ ಪ್ರತಿ ತಕ್ಕಡಿ, ಪ್ರತಿ ಅಳತೆಗೋಲು ಸರಿ ಇದೆಯಾ ಅಂತ ನೋಡಿ ಹಸಿರು ಸ್ಟಿಕ್ಕರ್ ಹಚ್ಚೋದು ಅವಳ ಕೆಲಸ. ತಕ್ಕಡಿಗೇ ತಕ್ಕಡಿ ಹಿಡಿಯೋಳು. ಮನೇಲಿ 'ಅಂದಾಜು' ಅನ್ನೋದು ಬೈಗುಳ. 'ಉಪ್ಪು ರುಚಿಗೆ ತಕ್ಕಷ್ಟು' ಅಂತ ಬರೆದಿದ್ದ ಅಡುಗೆ ಪುಸ್ತಕಾನ ಗ್ಯಾರೇಜಿಗೆ ಗಡೀಪಾರು ಮಾಡಿದ್ಲು.

ಮಗನ ಮೈಗೂ ಅದೇ ಲ್ಯಾಬಿನ ಶಿಸ್ತು. ಎಷ್ಟು ತಿಂದ, ಎಷ್ಟು ಮಲಗಿದ, ಎಷ್ಟು ಎತ್ತಿದ, ಎಲ್ಲಾ ಗ್ರಾಫು. ಮೊಟ್ಟೆ ಸತ್ಯನ ಇಲಾಖೆ. ಕೋಳಿ ಮಲಿಕಾಳ ಇಲಾಖೆ, ಯಾಕಂದ್ರೆ ಮಂಜರಿ ಅಡುಗೆಮನೆಗೆ ಕೋಳಿ ಕಾಲಿಟ್ಟಿರಲಿಲ್ಲ, ಆರ್ಯನ್ ಮಾತ್ರ ಕೋಳಿ ಕಾಲು ಬಿಟ್ಟಿರಲಿಲ್ಲ. ಮಲಿಕಾ ಗದಗಿನವಳು, ಎರಡು ಮನೆ ಆಚೆ ವಾಸ, ಮಂಜರಿ ಲ್ಯಾಬಲ್ಲೇ ಕೆಲಸ. ಹುಡುಗ ಒಂಬತ್ತನೇ ಕ್ಲಾಸಿಂದ ವಾರಕ್ಕೆ ಮೂರು ರಾತ್ರಿ ಅವಳ ಮನೇಲೇ ಉಣ್ತಿದ್ದ.

ಇಷ್ಟೆಲ್ಲ ಮಾಡಿ ಗ್ರಾಫು ಐನೂರ ಎಪ್ಪತ್ತೈದಕ್ಕೆ ಬಂದು ಕಾಲು ಮುರ್ಕೊಂಡು ಕೂತಿತ್ತು. ರನ್ನಿಂಗ್ ಬ್ಯಾಕುಗಳ ಸ್ಕ್ವಾಟ್ ದಾಖಲೆ ಐನೂರ ಎಂಬತ್ತೈದು ಪೌಂಡು. ಎತ್ತಿದೋನು ಟೆಡ್ ಅನ್ನೋ ಮಹಾನುಭಾವ, 1998ರಲ್ಲಿ. ಆರ್ಯನ್‌ಗೂ ಟೆಡ್‌ಗೂ ನಡುವೆ ಹತ್ತೇ ಹತ್ತು ಪೌಂಡು. ಒಂದು ಅಟ್ಟಾ ಚೀಲದ ಅರ್ಧ. ಆ ಅರ್ಧ ಚೀಲ ಆರು ವಾರದಿಂದ ಜಗ್ಗಿರಲಿಲ್ಲ.

ಜುಲೈ ಕೊನೇ ಶನಿವಾರ ಕಾಲೇಜಲ್ಲಿ ಮನೆಯವರಿಗೆಲ್ಲ ಜಿಮ್ಮು ತೋರಿಸೋ ದಿನ. ಬೇರೆ ತಾಯಂದಿರು ಮಕ್ಕಳ ತೋಳಿನ ಫೋಟೋ ತೆಗೀತಿದ್ರೆ, ಮಂಜರಿ ಬಗ್ಗಿ ಕಬ್ಬಿಣದ ಪ್ಲೇಟುಗಳ ಅಂಚು ನೋಡ್ತಿದ್ಲು.

"ಇದಕ್ಕೆ ಸ್ಟಿಕ್ಕರ್ ಇಲ್ವಲ್ಲ," ಅಂದ್ಲು.

"ಅಮ್ಮಾ, ಪ್ಲೀಸ್. ಇದು ಜಿಮ್," ಅಂದ ಆರ್ಯನ್.

"ನಲವತ್ತೈದು ಪೌಂಡು ಅಂತ ಬರೆದಿದೆ. ಬರೆದ ಮಾತ್ರಕ್ಕೆ ಆಗೋಗುತ್ತಾ? ಟೆಡ್ ಎತ್ತಿದ್ದೂ ಇವನ್ನೇ?"

ಕೋಚ್ ನೊವಾಕ್ ಪಕ್ಕದಲ್ಲೇ ಇದ್ರು. ಗೋಡೆಯಷ್ಟು ಅಗಲದ ಮನುಷ್ಯ, ಮಾತು ಮಾತ್ರ ಮೆತ್ತಗೆ. ಹೆಮ್ಮೆಯಿಂದ ಹೇಳಿದ್ರು: "ಇಲ್ಲ ಮೇಡಂ. ಟೆಡ್ ಎತ್ತಿದ ಪ್ಲೇಟುಗಳನ್ನ ಸ್ಟೋರ್ ರೂಮಲ್ಲಿ ಹಾಗೇ ಇಟ್ಟಿದೀವಿ. ನೆನಪಿಗೆ."

ಆ ಒಂದು ಮಾತು ಅವರು ಆಡಬಾರದಿತ್ತು. ಮಂಜರಿ ಕಾರಿನ ಡಿಕ್ಕೀಲಿ ಯಾವಾಗಲೂ ಒಂದು ತಕ್ಕಡಿ ಇರುತ್ತೆ. ಬೇರೆ ಹೆಂಗಸರ ಪರ್ಸಲ್ಲಿ ಲಿಪ್‌ಸ್ಟಿಕ್ ಇರೋ ಹಾಗೆ. ಹತ್ತೇ ನಿಮಿಷದಲ್ಲಿ ಟೆಡ್‌ನ ಹನ್ನೆರಡು ಪ್ಲೇಟೂ ಒಂದೊಂದಾಗಿ ತಕ್ಕಡಿ ಏರಿದ್ವು. ಯಾವುದೂ ನಲವತ್ತೈದು ಮುಟ್ಟಲಿಲ್ಲ. ನಲವತ್ಮೂರು ಚಿಲ್ಲರೆ, ನಲವತ್ನಾಲ್ಕು ಚಿಲ್ಲರೆ. ಹಳೇ ಎರಕ, ಸುತ್ತಲೂ ಚಕ್ಕೆ ಎದ್ದಿತ್ತು.

"ಎಲ್ಲಾ ಕೂಡಿಸಿದ್ರೆ, ಬಾರಿನ ಭಾರಾನೂ ಸೇರಿಸಿ, ಐನೂರ ಅರವತ್ತೆಂಟು," ಅಂದ್ಲು. "ನಿಮ್ಮ ಟೆಡ್ ಹದಿನೇಳು ಪೌಂಡು ಗಾಳಿ ಎತ್ತಿದಾರೆ. ಅವತ್ತು ತೂಕ ನೋಡಿದ್ದು ಯಾರು?"

ಕೋಚ್ ಕೆಮ್ಮಿದ್ರು. "ಆಗಿನ ಕೋಚು. ಟೆಡ್‌ನ ಮಾವ."

"ಮಾವ."

"ತಾಯಿಯ ತಮ್ಮ."

"ಸೋದರಮಾವನೇ ತಕ್ಕಡಿ ಹಿಡಿದಿದ್ದಾನೆ ಅನ್ನಿ." ಮಂಜರಿ ಇದನ್ನ ಹೇಳಿದ ರೀತೀಲಿ ಇಡೀ ಬರ್ಚ್‌ಫೀಲ್ಡ್ ಕಾಲೇಜಿನ ವಂಶವೃಕ್ಷಕ್ಕೇ ಗೆದ್ದಲು ಹಿಡಿದ ಹಾಗಿತ್ತು.

ಕೋಚ್ ನೊವಾಕ್ ಒಳ್ಳೇ ಮನುಷ್ಯ, ಅಂಕಿಗೆ ತಲೆ ಬಾಗೋರು. ತಕ್ಕಡಿ ನೋಡಿ ಅಂದ್ರು: "ನಮ್ಮ ಹತ್ರ ನಿಯಮ ಅಂತ ಏನೂ ಇಲ್ಲ ಮೇಡಂ. ನೀವು ಬರೆದು ಕೊಡಿ, ನಾನು ಸೈನ್ ಮಾಡ್ತೀನಿ. ಆಮೇಲೆ ಅದು ಎಲ್ಲರಿಗೂ ಒಂದೇ."

ವಾಪಸ್ ಬರ್ತಾ ಕಾರಲ್ಲಿ ಆರ್ಯನ್ ಕಿಟಕಿ ಕಡೆ ತಿರುಗಿ ಕೂತಿದ್ದ. "ಟೆಡ್ ಇಸ್ ಎ ಲೆಜೆಂಡ್, ಅಮ್ಮಾ."

"ಲೆಜೆಂಡೇ. ಹದಿನೇಳು ಪೌಂಡು ಕಮ್ಮಿ ಲೆಜೆಂಡು. ಈಗ ನೀನು ಎತ್ತಿರೋ ಐನೂರ ಎಪ್ಪತ್ತೈದೇ ದಾಖಲೆ. ಪರೀಕ್ಷೆ ದಿನ ಅಷ್ಟನ್ನೇ ಇನ್ನೊಂದು ಸಲ ಎತ್ತಿಬಿಡು, ಬಸ್ ಹತ್ತು."

"ಐ ಡೋಂಟ್ ವಾಂಟ್ ದಟ್. ಐನೂರ ತೊಂಬತ್ತು ಎತ್ತಿದ್ರೆ ಯಾರೂ ಏನೂ ಹೇಳೋಕಾಗಲ್ಲ. ದಟ್ಸ್ ವಾಟ್ ಐ ವಾಂಟ್."

ಕಡಿಮೆ ಅಂಕಿ ತಂದ್ಕೊಟ್ರೂ ಬೇಡ ಅನ್ನೋ ಮಗನ್ನ ಹೆತ್ತಿದೀನಲ್ಲ ಅಂತ ಮಂಜರಿಗೆ ಬೇಜಾರೂ ಆಯ್ತು, ಎದೆ ಸ್ವಲ್ಪ ಉಬ್ಬಿತು ಕೂಡ.

ಆ ಭಾನುವಾರ ಕೂತು ಹನ್ನೊಂದು ಪುಟದ ನಿಯಮಾವಳಿ ಬರೆದ್ಲು. ಮಲಿಕಾ ಪಕ್ಕದಲ್ಲಿ ಕೂತು ಚುರುಮುರಿ ಕಲಸ್ತಾ ನೋಡ್ತಿದ್ಲು.

"ನಮ್ಮಜ್ಜ ಊರಾಗ ಸಂಗ್ರಾಣಿ ಕಲ್ಲು ಎತ್ತತಿದ್ದ ಮಂಜಕ್ಕ. ಕಲ್ಲಿಗೆ ಯಾರೂ ಸ್ಟಿಕ್ಕರ್ ಹಚ್ಚತಿರಲಿಲ್ಲ. ಎತ್ತಿದ್ರ ಎತ್ತಿದ, ಇಲ್ಲಂದ್ರ ಇಲ್ಲ."

"ಕಲ್ಲಿನ ತೂಕ ಎಷ್ಟಿತ್ತು?"

"ಯಾರಿಗ್ಗೊತ್ತು. ಎತ್ತಿದಾಂವನ ಬೆನ್ನಿಗೆ ಗೊತ್ತು."

"ಅದಕ್ಕೇ ನಿಮ್ಮಜ್ಜನ ಹೆಸರು ಯಾವ ಬೋರ್ಡಲ್ಲೂ ಇಲ್ಲ."

"ಬೋರ್ಡಿನ್ಯಾಗ ಇಲ್ಲ. ಓಣ್ಯಾಗ ಐತಿ," ಅಂದ್ಲು ಮಲಿಕಾ, ಈರುಳ್ಳಿ ಉದುರಿಸ್ತಾ. "ಇದೇನಿದು, ಆರನೇ ಕಲಮು?"

ಆರನೇ ಕಲಮು ಮಂಜರಿಯ ಮುದ್ದಿನ ಕೂಸು. ಸೋದರಮಾವಂದಿರ ಕಾಟ ಶಾಶ್ವತವಾಗಿ ತಪ್ಪಿಸೋಕೆ ಬರೆದದ್ದು. ಪ್ಲೇಟುಗಳ ತೂಕ ನೋಡಿ ಸಹಿ ಹಾಕೋರು, ಆ ತೂಕದಿಂದ ಲಾಭ ಆಗೋ ಆಟಗಾರನ ಮನೆಯವರಾಗಿರಬಾರದು. ಮನೆಯವರು ಯಾರು ಅಂತ ಜಗಳ ಬರಬಾರದಲ್ಲ, ಅದಕ್ಕೆ ಒಂದು ಸಾಲು ಸೇರಿಸಿದ್ಲು: ಕಾಲೇಜಿನ ಕಡತದಲ್ಲಿ ಆ ಆಟಗಾರನ ಫ್ಯಾಮಿಲಿ ಲಿಸ್ಟಲ್ಲಿ ಯಾರ್ಯಾರ ಹೆಸರಿದೆಯೋ ಅವರೇ ಮನೆಯವರು, ಬೇರೆ ಚರ್ಚೆ ಇಲ್ಲ.

"ಹಂಗಾರ ಈ ಸಲ ಪ್ಲೇಟಿಗೆ ನೀ ಸಹಿ ಹಾಕಂಗಿಲ್ಲ," ಅಂದ್ಲು ಮಲಿಕಾ.

"ಹೌದು. ನೀನು ಹಾಕ್ತೀಯ. ನಿನಗೂ ಲೈಸೆನ್ಸ್ ಇದೆಯಲ್ಲ. ನಾನು ತಾಯಿ, ನೀನು ಲ್ಯಾಬು."

ಟೆಡ್‌ನ ಹಳೇ ಪ್ಲೇಟುಗಳ ತೂಕಾನ ಮಾತ್ರ ಅವಳೇ ತೆಗೆದಿದ್ದಳಲ್ಲ, ಅದನ್ನ ಈ ನಿಯಮಾವಳಿ ಪ್ರಕಾರ ನಡೆದ ಮೊದಲನೇ ಅಳತೆ ಅಂತ ಕೊನೇ ಪುಟದಲ್ಲಿ ಗತ್ತಿನಿಂದ ದಾಖಲಿಸಿ, ಕೆಳಗೆ ತನ್ನ ಸಹಿ ಜಡಿದ್ಲು. ಕೋಚ್ ನೊವಾಕ್ ಮಾತಿಗೆ ತಪ್ಪಲಿಲ್ಲ. ಬೋರ್ಡ್ ಬರೆಯೋ ಮುದುಕ ಬಂದು ಟೆಡ್ ಹೆಸರಿನ ಮುಂದೆ 585 ಅಳಿಸಿ 568 ಅಂತ ಬರೆದ. ಸಂಘದ ಗ್ರೂಪಲ್ಲಿ ಅದರ ಫೋಟೋ ಬಂತು. ಪ್ರಸಾದ್ ಅಂಕಲ್, "ಟೆಡ್ ಡಯಟ್ ಮಾಡ್ತಿದಾರಾ?" ಅಂತ ಕೇಳಿದ್ರು.

ಪರೀಕ್ಷೆ ದಿನ ಶನಿವಾರ. ಬಸ್ಸು ಹೊರಡೋಕೆ ಇನ್ನು ಆರು ದಿನ. ಬೆಳಿಗ್ಗೆ ಹತ್ತಕ್ಕೇ ಎಂಬತ್ತೆಂಟು ಡಿಗ್ರಿ ಫ್ಯಾರನ್‌ಹೀಟ್. ಮಲಿಕಾ ಹಿಂದಿನ ವಾರ ಲ್ಯಾಬಲ್ಲಿ ಹದಿನಾಲ್ಕು ಹೊಸ ಪ್ಲೇಟು, ಒಂದು ಬಾರು ಎಲ್ಲಾ ತೂಗಿ, ಸಹಿ ಹಾಕಿ, ಹಸಿರು ಸ್ಟಿಕ್ಕರ್ ಹಚ್ಚಿದ್ಲು. ಸಾಲಾಗಿ ಒರಗಿಸಿಟ್ಟ ಪ್ಲೇಟುಗಳು ಹಬ್ಬಕ್ಕೆ ಕುಂಕುಮ ಇಟ್ಟುಕೊಂಡ ಹಾಗೆ ಕಾಣ್ತಿದ್ವು, ಕುಂಕುಮ ಮಾತ್ರ ಹಸಿರು.

ಬಾಗಿಲಲ್ಲಿ ಪಾಸು ನೋಡಿ ಒಳಗೆ ಬಿಡ್ತಿದ್ರು. ಮೂವರೂ ಕೊರಳಿಗೆ ಪಾಸು ಹಾಕ್ಕೊಂಡು ಬಂದು ಮುಂದಿನ ಬೆಂಚಲ್ಲಿ ಕೂತ್ರು: ಸತ್ಯ, ಮಂಜರಿ, ಮಲಿಕಾ. ಪಕ್ಕದ ಮೇಜಲ್ಲಿ ದಾಖಲೆ ಬರ್ಕೊಳ್ಳೋಕೆ ಕೂತಿದ್ದೋಳು ಅಕ್ಷರಾ, ಕಾಲೇಜಿನ ಆಫೀಸಲ್ಲಿ ಪಾರ್ಟ್‌ಟೈಮ್ ಕೆಲಸ ಮಾಡೋ ವಿದ್ಯಾರ್ಥಿನಿ. ಸಂಘದ ಪ್ರಸಾದ್ ಅಂಕಲ್ ಮಗಳು. ಹೆಸರಿಗೆ ತಕ್ಕ ಹಾಗೆ ಅಕ್ಷರಕ್ಕೆ ಅಕ್ಷರ ಓದೋ ಹುಡುಗಿ. ಮಂಜರಿಯ ಹನ್ನೊಂದು ಪುಟಾನೂ ಮುಂದಿಟ್ಕೊಂಡು, ಸಾಲುಗಳಿಗೆ ಹಳದಿ ಬಣ್ಣ ಹಚ್ಚಿದ್ಲು.

"ಎಷ್ಟು ಶ್ರದ್ಧೆ ನೋಡು," ಅಂತ ಮಂಜರಿ ಮಲಿಕಾಗೆ ಪಿಸುಗುಟ್ಟಿದ್ಲು. "ಓದೋರು ಸಿಕ್ಕಿದ್ರು ಕೊನೆಗೂ."

ಆರ್ಯನ್ ಮೊದಲು ಐನೂರ ಎಪ್ಪತ್ತೈದು ಎತ್ತಿದ. ಎತ್ತಿದ ಅನ್ನೋದಕ್ಕಿಂತ, ಸೋಫಾದಿಂದ ಎದ್ದ ಹಾಗೆ ಎದ್ದ. ಹೊಸ ಲೆಕ್ಕದಲ್ಲಿ ದಾಖಲೆ ಆಗ್ಲೇ ಮುರಿದಿತ್ತು. ಮಂಜರಿ ಎದ್ದು ನಿಂತ್ಲು. ಮಗ ಅವಳ ಕಡೆ ನೋಡದೆ, ಬಾರಿನ ಎರಡೂ ಕಡೆ ಪ್ಲೇಟು ಸೇರಿಸೋಕೆ ಬೆರಳಲ್ಲಿ ಸನ್ನೆ ಮಾಡಿದ. ಐನೂರ ತೊಂಬತ್ತು.

ತಂಡದ ಹುಡುಗರೆಲ್ಲ ಸುತ್ತ ಬಂದು ನೆಲಕ್ಕೆ ಕಾಲು ಬಡಿಯೋಕೆ ಶುರು ಮಾಡಿದ್ರು. ಬಸ್ಸಲ್ಲಿ ಜಾಗ ಇದ್ದ ಐವತ್ತೊಂಬತ್ತು ಜನಾನೂ ಅಲ್ಲಿದ್ರು. ಮೂರು ವರ್ಷ ಅವನು ಯಾರ ಬ್ಯಾಗು ಹೊತ್ತಿದ್ದನೋ ಅವರೇ. ಆರ್ಯನ್ ಕೈಗೆ ಸುಣ್ಣದ ಪುಡಿ ಹಚ್ಕೊಂಡು ಬಾರಿನ ಕೆಳಗೆ ಹೊಕ್ಕ. ಎತ್ತಿ ಎರಡು ಹೆಜ್ಜೆ ಹಿಂದಕ್ಕೆ ಬಂದ. ಬಾರು ಎರಡೂ ತುದೀಲಿ ಬಿಲ್ಲಿನ ಹಾಗೆ ಬಾಗಿ, ತೂಗಿ, ನಿಂತ್ಕೊಂಡ್ತು.

ಕೂತ. ತೊಡೆ ನೆಲಕ್ಕೆ ಸಮ ಆಗಿ ಇನ್ನೂ ಒಂದಿಂಚು ಕೆಳಗೆ. ಎದ್ದ. ಅರ್ಧಕ್ಕೆ ಬಂದು ನಿಂತುಹೋದ. ಬೇಸಿಗೆಯೆಲ್ಲ ಜಗ್ಗದ ಅರ್ಧ ಚೀಲ ಅಲ್ಲೇ ಇತ್ತು. ಮಂಜರಿ ಉಸಿರು ಹಿಡಿದ್ಲು. ಸತ್ಯ ಬೆಂಚಿನ ಅಂಚು ಹಿಡಿದ. ಮಲಿಕಾ ಮಾತ್ರ ಜೋರಾಗಿ, ಓಣಿಗೆಲ್ಲ ಕೇಳೋ ಹಾಗೆ, "ಏಳೋ ನಮ್ಮಪ್ಪಾ, ಮಣಕಾಲ ಅಲ್ಲ, ಸೊಂಟ ಎತ್ತು," ಅಂದ್ಲು.

ಸೊಂಟ ಎದ್ದಿತು. ಇಂಚಿಂಚೇ, ಮಂಜರಿ ಟೇಪು ಹಿಡಿದು ಅಳೀಬಹುದಿತ್ತು, ಅಷ್ಟು ನಿಧಾನ. ಕೊನೇ ನಾಲ್ಕು ಇಂಚು ಮಾತ್ರ ಒಂದೇ ಸಲ ಬಂತು. ಬಾರು ಸ್ಟ್ಯಾಂಡಿಗೆ ಬಿದ್ದ ಶಬ್ದಕ್ಕೆ ಜಿಮ್ಮಿನ ಗಾಜು ನಡುಗಿತು. ಐವತ್ತೊಂಬತ್ತು ಜನ ಅವನ ಮೇಲೆ ಬಿದ್ದ ಶಬ್ದ ಅದಕ್ಕಿಂತ ಜೋರಿತ್ತು.

ಹಳೇ ಲೆಕ್ಕ, ಹೊಸ ಲೆಕ್ಕ, ಗಾಳಿ ಲೆಕ್ಕ, ಯಾವ ಲೆಕ್ಕದಲ್ಲಿ ನೋಡಿದ್ರೂ ದಾಖಲೆ. ಮಂಜರಿ ಆಗಲೇ ರಹೀಮಣ್ಣನಿಗೆ ಫೋನ್ ಹಚ್ಚಿದ್ಲು. "ಅಣ್ಣ, ಡೊಳ್ಳು ತಗೊಂಡೇ ಬನ್ನಿ," ಅಂತ ಮಾತ್ರ ಹೇಳಿ ಇಟ್ಲು. ಬೋರ್ಡ್ ಬರೆಯೋ ಮುದುಕ ಏಣಿ ಹತ್ತಿ, ಟೆಡ್‌ನ ಅಳಿಸಿ, ಆರ್ಯನ್ ಹೆಸರಿನ ಮೊದಲನೇ ಎರಡು ಅಕ್ಷರ ಬರೆದಿದ್ದ.

"ಮಲಿಕಾ ಆಂಟಿ," ಅಂದ್ಲು ಅಕ್ಷರಾ ಮೇಜಿನ ಕಡೆಯಿಂದ. "ನಿಮ್ಮ ಪಾಸ್ ಒಂದ್ಸಲ ತೋರಿಸ್ತೀರಾ?"

ಮಲಿಕಾ ಕೊರಳಿಂದ ತೆಗೆದು ಕೊಟ್ಲು. ಅಕ್ಷರಾ ಪಾಸು ನೋಡಿದ್ಲು, ಸರ್ಟಿಫಿಕೇಟಿನ ಸಹಿ ನೋಡಿದ್ಲು, ಮತ್ತೆ ಪಾಸು ನೋಡಿದ್ಲು. ಅವಳ ಮುಖ ಸಣ್ಣಗಾಯ್ತು.

"ಇದು ಫ್ಯಾಮಿಲಿ ಪಾಸು. ಲಿಸ್ಟಲ್ಲಿ ಹೆಸರಿದ್ರೆ ಮಾತ್ರ ಪ್ರಿಂಟ್ ಆಗುತ್ತೆ. ಆರ್ಯನ್ ಲಿಸ್ಟಲ್ಲಿ ಮೂರು ಹೆಸರಿದೆ. ಮೂರನೇದು ನಿಮ್ಮದು, ಆಂಟಿ. ಮೊದಲನೇ ವರ್ಷದಿಂದ."

ಮಂಜರಿಗೆ ಅರ್ಥ ಆಗೋಕೆ ಮೂರು ಸೆಕೆಂಡು ಬೇಕಾಯ್ತು, ಅಷ್ಟರಲ್ಲಿ ಅವಳ ಮಗ ಇಪ್ಪತ್ತೈದು ಗಜ ಓಡಿರ್ತಿದ್ದ. ಮಲಿಕಾ ಕೊರಳಲ್ಲಿ ಆ ಪಾಸು ಇರೋದು ಅವಳಿಗೆ ಗೊತ್ತಿತ್ತು. ಮೂರು ವರ್ಷದಿಂದ ನೋಡಿದ್ಲು. ಯಾಕಿದೆ ಅಂತ ಕೇಳೋದು ಹೊಳೆದೇ ಇರಲಿಲ್ಲ. ಊಟಕ್ಕೆ ಕೂತಾಗ ತಟ್ಟೆ ಎಷ್ಟು ಅಂತ ಯಾರಾದ್ರೂ ಎಣಿಸ್ತಾರಾ.

"ಆರನೇ ಕಲಮು," ಅಂದ್ರು ಕೋಚ್ ನೊವಾಕ್, ಪುಟ ತಿರುವಿ, ಮೆತ್ತಗೆ. "ಆ ಲಿಸ್ಟಲ್ಲಿರೋರು ತೂಗಿದ ಪ್ಲೇಟು ಲೆಕ್ಕಕ್ಕಿಲ್ಲ." ಆಮೇಲೆ ಮಲಿಕಾ ಕಡೆ ತಿರುಗಿದ್ರು. "ನೀವು ಸಂಬಂಧಿಕರಾ?"

"ಅಲ್ರೀ. ನಾವು ಗದಗ, ಇವ್ರು ಮೈಸೂರು. ನಾ ನೇಬರ್ ಅಷ್ಟ."

ಕೋಚ್‌ಗೆ ಉಸಿರು ಬಂತು, ಮಂಜರಿ ಕಡೆ ತಿರುಗಿದ್ರು. "ಹಾಗಾದ್ರೆ ಸುಲಭ. ಹೆಸರು ತಪ್ಪಾಗಿ ಸೇರಿದೆ, ಇವರು ಯಾವತ್ತೂ ಮನೆಯವರಲ್ಲ ಅಂತ ಒಂದು ಸಾಲು ಬರೆದು ಸಹಿ ಮಾಡಿ. ಅಕ್ಷರಾ ಫೈಲಿಗೆ ಹಾಕ್ತಾಳೆ. ಸೀಟು ಹುಡುಗಂದೇ."

"ಪೆನ್ ತಾರವಾ," ಅಂದ್ಲು ಮಲಿಕಾ, ಅಕ್ಷರಾ ಕಡೆ ಕೈ ಚಾಚಿ. "ಒಂದ್ ಸಾಲಲ್ಲ, ನಾಕ್ ಸಾಲು ಬರೀತೀನಿ. ಯಾರೂ ಅಲ್ಲ, ಏನೂ ಅಲ್ಲ, ಮಾರಿನೂ ನೋಡಿಲ್ಲಂತ."

"ನೋ," ಅಂದ ಆರ್ಯನ್. ಬೆವರು ಸುರೀತಾ ಗುಂಪು ಸೀಳ್ಕೊಂಡು ಬಂದಿದ್ದ. ಇಷ್ಟು ವರ್ಷ ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅರ್ಧಂಬರ್ಧ ಇಂಗ್ಲಿಷ್ ಬೆರೆಸೇ ಉತ್ತರ ಕೊಟ್ಟ ಹುಡುಗ, ನಿಂತು, ಪದ ಹುಡುಕಿ ಹೇಳಿದ: "ತಪ್ಪಾಗಿ ಅಲ್ಲ. ನಾನೇ ಬರೆದಿದ್ದು. ಮಲಿಕಾ ಆಂಟಿ ನಮ್ಮನೆಯವರು."

"ಸುಮ್ನಿರೋ ಹುಚ್ಚಪ್ಯಾಲಿ. ಮೂರ್ ವರ್ಷ ಬಸ್ಸಿನ ಹೊಗಿ ಕುಡದೀ, ಸಾಲಂಗಿಲ್ಲೇನು? ಕಾಗದದ ಮ್ಯಾಲ ಬರದ್ರ ನಾ ಬ್ಯಾರೆಯಾಕಿ ಆಗ್ತೀನೇನ?"

"ಕಾಗದದ ಮೇಲೆ ಆಗ್ತೀರಲ್ಲ," ಅಂದ ಆರ್ಯನ್. "ಐ ವೋಂಟ್ ಸೈನ್ ಇಟ್."

ಲಿಸ್ಟಿಗೆ ಸಹಿ ಹಾಕೋ ಹಕ್ಕಿರೋದು ಆಟಗಾರನಿಗೆ, ಇಲ್ಲಾ ತಂದೆತಾಯಿಗೆ. ಅಕ್ಷರಾ ಪೆನ್ನು ಮಂಜರಿ ಕೈಗೆ ಕೊಟ್ಲು, ಎಲ್ಲರೂ ಅವಳ ಕಡೆ ನೋಡಿದ್ರು. ಮೂವತ್ತೆಂಟು ಟಿಕೆಟ್ಟು, ಒಂದು ಡೊಳ್ಳು, ಅರವತ್ತನೇ ಸೀಟು, ಎಲ್ಲಾ ಅವಳ ಕೈಲಿದ್ದ ಪೆನ್ನಿನ ತುದೀಲಿ. ಬರೀಬೇಕಾದ್ದು ಒಂದೇ ಸಾಲು.

ಇಪ್ಪತ್ತಾರು ವರ್ಷದಲ್ಲಿ ಅವಳು ಸಾವಿರಾರು ಅಳತೆ ತಿರಸ್ಕರಿಸಿದ್ಲು. ತಪ್ಪು ಅಳತೇನ ಸರಿ ಅಂದಿದ್ದು ಒಂದೂ ಇಲ್ಲ. ಸರಿ ಇರೋದನ್ನ ತಪ್ಪು ಅಂದಿದ್ದೂ ಇಲ್ಲ. ಹತ್ತನೇ ಕ್ಲಾಸಲ್ಲಿ ಆರ್ಯನ್ ಕಾಲುಗಂಟು ಮುರ್ಕೊಂಡಾಗ ಅವಳ ಫೋನು ಲ್ಯಾಬಿನ ಲಾಕರಲ್ಲಿತ್ತು. ಅವತ್ತು ಆಸ್ಪತ್ರೇಲಿ ಅವನ ಕೈ ಹಿಡ್ಕೊಂಡು ಆರು ಗಂಟೆ ಕೂತಿದ್ದು ಯಾರು ಅನ್ನೋದಕ್ಕೆ ತಕ್ಕಡಿ ಬೇಕಾಗಿರಲಿಲ್ಲ.

"ಸತ್ಯ, ಏನಂತೀರಿ?" ಅಂದ್ಲು, ಮೊದಲನೇ ಸಲ.

"ಇರೋದನ್ನ ಬರಿ," ಅಂದ ಸತ್ಯ.

ಮಂಜರಿ ಬರೆದ್ಲು: ಲಿಸ್ಟು ಪರಿಶೀಲಿಸಲಾಗಿದೆ. ಮೂರೂ ಹೆಸರು ಸರಿಯಾಗಿವೆ. ಕೆಳಗೆ ಸಹಿ, ತಾರೀಕು.

ಮಲಿಕಾ ಅದನ್ನ ಓದಿ, "ನಿಮ್ಮಿಬ್ರಿಗೂ ತಲಿ ಕೆಟ್ಟೈತಿ," ಅಂದು ಗೋಡೆ ಕಡೆ ತಿರುಗಿ ನಿಂತ್ಲು.

"ಸರಿ, ಇನ್ನೊಂದು ದಾರಿ ಇದೆ," ಅಂದ್ಲು ಮಂಜರಿ, ಮೂಗು ಒರೆಸ್ಕೊಂಡು, ಮತ್ತೆ ಲ್ಯಾಬಿನ ದನೀಲಿ. "ಸೋಮವಾರ ಬೇರೆ ಲ್ಯಾಬಿಂದ ತೂಗಿಸ್ತೀನಿ. ಬುಧವಾರ ಇನ್ನೊಂದ್ಸಲ ಎತ್ತಲಿ, ಬಸ್ಸು ಹೊರಡೋದು ಶುಕ್ರವಾರ ತಾನೇ. ಎತ್ತುತಾನೆ."

"ಐ ಕ್ಯಾನ್ ಡೂ ಇಟ್ ಟುಮಾರೋ," ಅಂದ ಆರ್ಯನ್.

ಅಕ್ಷರಾ ಹಳದಿ ಬಣ್ಣದ ಇನ್ನೊಂದು ಸಾಲಿನ ಮೇಲೆ ಬೆರಳಿಟ್ಲು. "ಒಂಬತ್ತನೇ ಕಲಮು, ಆಂಟಿ. ಒಮ್ಮೆ ಗರಿಷ್ಠ ಭಾರ ಎತ್ತಿದ ಮೇಲೆ, ಬೆನ್ನಿನ ಸುರಕ್ಷತೆಗೋಸ್ಕರ, ಹದಿನಾಲ್ಕು ದಿನ ಮತ್ತೆ ಎತ್ತೋ ಹಾಗಿಲ್ಲ."

"ಇದನ್ನ ಯಾರು ಬರೆದಿದ್ದು?" ಅಂದ್ರು ಕೋಚ್.

"ನಾನೇ," ಅಂದ್ಲು ಮಂಜರಿ.

"ಒಳ್ಳೇ ನಿಯಮ," ಅಂದ್ರು ಕೋಚ್, ಮನಸಾರೆ.

ಏಣಿ ಮೇಲಿದ್ದ ಮುದುಕ ಬ್ರಷ್ಷು ಗಾಳೀಲಿ ಹಿಡಿದು ಕಾಯ್ತಿದ್ದ. ಈ ಹುಡುಗನ ಹೆಸರು ಬರೀಲಾ, ಅಳಿಸಲಾ ಅಂತ ಕೇಳಿದ. ಅಳಿಸಿ ಅಂದ್ರು ಕೋಚ್. ಹಾಗಾದ್ರೆ ಟೆಡ್ 568 ಅಂತ ವಾಪಸ್ ಬರೀತೀನಿ ಅಂದ ಮುದುಕ.

"ಅದೂ ಆಗಲ್ಲ," ಅಂದ್ಲು ಅಕ್ಷರಾ, ಕೊನೇ ಪುಟ ತಿರುವಿ, ದನಿ ಇನ್ನೂ ಇಳಿಸಿ. "ಟೆಡ್‌ನ ಹಳೇ ಪ್ಲೇಟು ತೂಗಿ ಸಹಿ ಹಾಕಿದ್ದು ಮಂಜರಿ ಆಂಟಿ. ದಾಖಲೆ ಇಳಿದ್ರೆ ಲಾಭ ಆಗೋದು ಆರ್ಯನ್‌ಗೆ. ಆಂಟಿ ಆರ್ಯನ್ ಲಿಸ್ಟಲ್ಲಿ ಮೊದಲನೇ ಹೆಸರು. ಆ ತೂಕಾನೂ ಲೆಕ್ಕಕ್ಕಿಲ್ಲ. ತಿದ್ದುಪಡಿ ಬಿದ್ದುಹೋದ್ರೆ ಹಿಂದಿನ ಅಂಕಿ ನಿಲ್ಲುತ್ತೆ, ಅದು ಹನ್ನೊಂದನೇ ಕಲಮು."

ಮುದುಕ ಥಿನ್ನರ್ ಬಟ್ಟೆ ತಗೊಂಡು ಎರಡು ಅಕ್ಷರ ಒರೆಸಿದ. ಆಮೇಲೆ ನಾಲಿಗೆ ಹೊರಗೆ ಹಾಕಿ, ನಿಧಾನವಾಗಿ, ಒಂದು ಪೌಂಡೂ ಕಮ್ಮಿ ಆಗದ ಹಾಗೆ, ಬಿಳೀ ಬಣ್ಣದಲ್ಲಿ ಬರೆದ: ಟೆಡ್, 585.